ಅರಮನೆ ನೋಡದ ಮಾಳವ್ವ

ಗೆಳೆಯರೇ, ಇವತ್ತು ನಾನು ಮಕ್ಕಳ ಜೊತೆ ಅಕ್ಕಲಕೋಟೆಗೆ ಹೋಗಲಿಲ್ಲ. ಹನ್ನೂರಿನಾಚೆಯ ನಮ್ಮ ಸಣ್ಣ ಶಾಲೆಯ ಮಕ್ಕಳೆಲ್ಲ ಅರಮನೆ ನೋಡಲು ಬೆಳಿಗ್ಗೆಯೇ ಎರಡು ಚಕ್ಕಡಿ ಹತ್ತಿ ಕೂತಿದ್ದರು. ಮೊನ್ನೆ ಮೊನ್ನೆಯವರೆಗೆ ರಾಜರು ಆಳಿದ ಊರು, ಮಕ್ಕಳ ಹುರುಪು ಹೇಳತೀರದು. ಅಷ್ಟರಲ್ಲಿ ಕುರಿ ಕಾಯುವ ಬೀರಪ್ಪ ಬಂದು ಮಗಳು ಮಾಳವ್ವನನ್ನು ಕೆಳಗಿಳಿಸಿದ.

“ಮಾಸ್ತರ್ರ, ನಾಳೆ ಊರ ಬಿಟ್ಟು ಕುರಿ ಹೊಡಕೊಂಡು ಹೊಂಟೀವ್ರಿ. ಆಕಿಗಿನ್ನೂ ಹೆಸರು ಬರಿಯಾಕ ಬರೂದಿಲ್ಲ. ಉಳದದ್ದು ಒಂದ ದಿನ, ಅದನ್ನೂ ತಿರಗಾಟಕ್ಕ ಕಳೀತೀರೇನ್ರಿ?”

“ಆಕಿ ಅರಮನಿ ನೋಡಬ್ಯಾಡೇನಪಾ?” ಎಂದೆ.

“ಅರಮನಿ ಎಲ್ಲಿಗೂ ಹೋಗೂದಿಲ್ರಿ. ಹೋಗಾವ್ರು ನಾವು.”

ಲೇಜಿಮ್ ಕುಣಿತದ ತಾಲೀಮಿಗೆಂದು ಹತ್ತು ದಿನ ಪಾಠ ನಿಲ್ಲಿಸಿದವನು ನಾನೇ. ಮಕ್ಕಳನ್ನು ಹೆಡ್‌ಮಾಸ್ತರರ ಜೊತೆ ಕಳಿಸಿ ನಾನು ಉಳಿದೆ. ಮೊದಲೆರಡು ತಾಸು ಮಾಳವ್ವ ಅಳುತ್ತಲೇ ಪಾಟಿಯ ಮೇಲೆ ಅಕ್ಷರ ತಿದ್ದಿದಳು. ಸಂಜೆಯ ಹೊತ್ತಿಗೆ ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ನೋಡದೆ ಬರೆದಳು.

ಕರೆದೊಯ್ಯಲು ಬಂದ ಬೀರಪ್ಪ ಪಾಟಿಯನ್ನು ಎರಡೂ ಕೈಯಲ್ಲಿ ಹಿಡಿದು, “ಇದ್ರಾಗ ನಾ ಯಾವುದವ್ವಾ?” ಎಂದು ಕೇಳಿದ. ಅವಳು ಬೆರಳಿಟ್ಟು ತೋರಿಸಿದಳು. ಅವನು ಬಹಳ ಹೊತ್ತು ಅದನ್ನೇ ನೋಡಿದ.

ಅವರು ಹೋದ ಮೇಲೆ ಚಕ್ಕಡಿಗಳು ಮರಳಿದವು. ಹೆಡ್‌ಮಾಸ್ತರರು ಅರಮನೆಯ ಬಾಗಿಲಲ್ಲೇ ಹಾಜರಿ ಕರೆದಿದ್ದರಂತೆ. ಇವತ್ತು ನಮ್ಮ ಶಾಲೆಯಲ್ಲಿ ದಿನವಿಡೀ ಕೂತು ಕಲಿತ ಒಬ್ಬಳೇ ಹುಡುಗಿಯ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆದಿದೆ.