ಅಸಲಿ ಎಂಬ ಪದ

ವಿಜಯಪುರದ ಇಬ್ರಾಹಿಂಪುರದ ಮನೆಯಲ್ಲಿ ಕೂತು ನಾನು ಮಾಡುವ ಕೆಲಸ ಇಷ್ಟೇ: ಕಂಪ್ಯೂಟರ್ ಇಂಗ್ಲಿಷಿನಿಂದ ಮಾಡಿದ ಕನ್ನಡವನ್ನು ಮನುಷ್ಯರ ಕನ್ನಡವಾಗಿಸುವುದು. ಒಮ್ಮೆ ಬಸ್ ಪ್ರಯಾಣದ ನಿಯಮಗಳು ಬಂದವು. "ಪ್ರಯಾಣಿಕರು ಬೇಡಿಕೆಯ ಮೇರೆಗೆ ಮೂಲ ಗುರುತಿನ ಚೀಟಿಯನ್ನು ಉತ್ಪಾದಿಸತಕ್ಕದ್ದು." ಓದಿ ತಲೆ ಚಿಟ್ಟು ಹಿಡಿಯಿತು. ಚೀಟಿ ಉತ್ಪಾದಿಸಲು ಬಸ್ಸೇನು ಸಕ್ಕರೆ ಕಾರ್ಖಾನೆಯೇ?

'ಉತ್ಪಾದಿಸು' ತೆಗೆದು 'ತೋರಿಸಿ' ಹಾಕಿದೆ. 'ಮೂಲ' ಉಳಿಯಿತು. ತಿದ್ದಿದ್ದನ್ನೆಲ್ಲ ಅಕ್ಕನಿಗೆ ಓದಿ ಹೇಳುವುದು ನನ್ನ ರೂಢಿ. ಜೋಳದ ಹಿಟ್ಟು ನಾದುತ್ತಿದ್ದವಳು ನಕ್ಕುಬಿಟ್ಟಳು.

"ಮೂಲ ಚೀಟಿ ಅಂದ್ರ ಏನಲೇ, ಮೂಲವ್ಯಾಧಿ ಆದವ್ರಿಗೆ ಕೊಡೂದೇನು? ಅಸಲಿ ಅನ್ನು. ಮಂದಿಗೆ ತಿಳೀತೈತಿ."

"ಕೇಳಿದಾಗ ಅಸಲಿ ಗುರುತಿನ ಚೀಟಿ ತೋರಿಸಿ" ಎಂದು ಬರೆದು ಕಳಿಸಿದೆ. ಕೆಲವು ತಿಂಗಳ ನಂತರ ಅದೇ ಸಾಲು ಬಸ್ಸಿನೊಳಗೆ ಅಂಟಿಸಿದ್ದು ಕಂಡು ಒಳಗೊಳಗೇ ಹಿಗ್ಗಿದೆ. ಯಾರಿಗೂ ಹೇಳಲಿಲ್ಲ, ಆದರೆ ಪ್ರತಿ ಸಲ ಅದರ ಹತ್ತಿರದ ಸೀಟನ್ನೇ ಹಿಡಿಯತೊಡಗಿದೆ.

ಹಾಗೆ ಕೂತು ಊರಿಗೆ ಮರಳುತ್ತಿದ್ದ ಒಂದು ದಿನ ಟಿಕೋಟಾದಲ್ಲಿ ಬಿಜ್ಜರಗಿಯ ಮುದುಕಿಯೊಬ್ಬಳು ಹತ್ತಿದಳು. ವಿಜಯಪುರದ ಆಸ್ಪತ್ರೆಯಲ್ಲಿ ಮಗಳಿಗೆ ಬೆಳಗಿನಿಂದ ಹೆರಿಗೆ ನೋವು, ಜೊತೆಗೆ ಯಾರೂ ಇಲ್ಲ ಎಂದು ಪಕ್ಕದವರಿಗೆ ಹೇಳುತ್ತಲೇ ಇದ್ದಳು. ಹೆಂಗಸರಿಗೆ ಬಸ್ಸು ಉಚಿತ, ಗುರುತಿನ ಚೀಟಿ ಇದ್ದರಾಯಿತು. ಕಂಡಕ್ಟರ್ ಕೇಳಿದಾಗ ಅವಳು ನಾಲ್ಕು ಮಡಿಕೆಯ ಝೆರಾಕ್ಸ್ ಬಿಚ್ಚಿದಳು.

"ಇದು ನಡ್ಯಂಗಿಲ್ಲ ಬೇ. ಅಸಲಿ ಬೇಕು," ಎಂದು ಅವನು ಅಂಟಿಸಿದ್ದ ಸಾಲನ್ನು ತೋರಿಸಿದ. "ಚೆಕಿಂಗ್‌ನವರು ಬಂದ್ರ ನನ್ನ ಕುತ್ತಿಗಿಗೆ ಬರ್ತೈತಿ."

"ಇದು ಅಸಲೀನ ಐತೋ ಯಪ್ಪಾ! ಫೋಟೋದಾಗಿನ ಮಾರಿ ನಂದು, ಹೆಸರು ನಂದು."

"ಅಸಲಿ ಅಲ್ಲ ಇದು. ತಿಕೀಟ ತಗೋ."

ಮುದುಕಿಯ ಮುಖ ಕೆಂಪಾಯಿತು. "ಹಂಗಂದ್ರ ನಾ ನಕಲಿ ಏನು? ರೊಕ್ಕ ಐತಿ ನನ್ನ ಕಡೆ. ಆದ್ರ ತಿಕೀಟ ತಗೊಂಡ್ರ ಕಳ್ಳಿ ಅಂತ ಒಪ್ಪಿದಂಗ ಆಕ್ಕೈತಿ."

ಆಮೇಲೆ ನನ್ನ ಕಡೆ ತಿರುಗಿದಳು. "ನೀ ಓದಿದಾವ ಕಾಣ್ತಿ. ಹೇಳೋ ಯಪ್ಪಾ, ಝೆರಾಕ್ಸ್ ನಡ್ಯಂಗಿಲ್ಲ ಅಂತ ಎಲ್ಯರ ಬರದಾರೇನು?"

ನಮ್ಮ ಕಡೆ ಅಸಲಿ ಎಂದರೆ ಖರೆ, ಮೋಸವಿಲ್ಲದ್ದು. ಅದು ತಿಳಿಯದವನೇ ನಾನು? ಅವಳಿಗೆ ತಿಳಿಯಲು ಬೇಕಾಗಿದ್ದದ್ದು 'ಝೆರಾಕ್ಸ್ ನಡೆಯುವುದಿಲ್ಲ' ಎಂಬ, ಊರಿಗೆಲ್ಲ ಗೊತ್ತಿರುವ ಮಾತು. ಅದನ್ನು ನಾನು ಬರೆದಿರಲಿಲ್ಲ. ಬಿಡಿಸಿ ಹೇಳಲು ಹೋದರೆ, ಇದನ್ನು ಬರೆದವನೇ ನಾನು ಎಂಬುದೂ ಬಾಯಿಗೆ ಬರುತ್ತದೆಂದು ಹೆದರಿದೆ.

"ಇಲ್ಲ ಬೇ," ಎಂದೆ.

"ಕೇಳಿದಿ?" ಎಂದು ಅವಳು ಕಂಡಕ್ಟರನಿಗೆ ಹೇಳಿದಳು. "ನಿಲ್ಲಸು ಗಾಡಿ. ಕಳ್ಳಿ ಅನಿಸಿಕೊಂಡು ನಾ ಕೂಡಂಗಿಲ್ಲ."

ದ್ರಾಕ್ಷಿ ತೋಟಗಳ ನಡುವೆ, ಸ್ಟಾಪೇ ಇಲ್ಲದ ಕಡೆ, ಗಂಟು ಹಿಡಿದು ಇಳಿದಳು. ಇಳಿಯುವಾಗ ನನ್ನ ಭುಜ ತಟ್ಟಿ, "ನೀ ಒಬ್ಬಾಂವರೆ ಖರೆ ಹೇಳಿದಿ, ದೇವ್ರು ನಿನಗ ಚಲೋ ಮಾಡ್ಲಿ," ಎಂದಳು.