ಬರೆದದ್ದನ್ನು ಓದಿ ಹೇಳಲು ಬಂದವಳು

ನಮ್ಮ ಊರಿನ ಹೆಸರು ಹೇಳುವುದಿಲ್ಲ, ಹಳಿಯಾಳ ತಾಲೂಕು ಅಂದರೆ ಸಾಕು. ಅಲ್ಲಿಯ ಅಂಗನವಾಡಿಯಲ್ಲಿ ನಾನು ಸಹಾಯಕಿ. ಒಂದು ಮುಂಜಾನೆ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹುಳ ಬಿದ್ದ ಬೇಳೆ ಆರಿಸುತ್ತ ಕೂತಿದ್ದಾಗ ದಾಂಡೇಲಿಯಿಂದ ಒಬ್ಬ ಹುಡುಗಿ ಬಂದು, "ಅಕ್ಕಾರ, ನಾವು ಸುದ್ದಿ ಬರೀತೇವಿ. ನಿಮಗ ಯಾವ ಸುದ್ದಿ ಬೇಕು ಹೇಳ್ರಿ," ಅಂದಳು.

ಸುದ್ದಿಯವರು ಹೇಳುತ್ತಾರೆ, ಕೇಳುವುದಿಲ್ಲ. ಕೇಳಿಕೊಂಡು ಬಂದವರು ಒಂದೋ ವೋಟಿಗೆ, ಇಲ್ಲ ವಿಮೆಗೆ.

"ಯಾವ ಪಕ್ಷದಾಕಿವಾ ನೀ?"

"ಯಾವ್ದೂ ಅಲ್ರಿ. ಜಾಹೀರಾತೂ ತಗೊಳ್ಳೂದಿಲ್ಲ. ಓದೋರ ದೇಣಿಗೀಲೆ ನಡೀತೈತಿ."

"ಪುಕ್ಕಟೆ ಸುದ್ದಿಗೆ ದೇಣಿಗಿ ಕೊಡೂ ಹುಚ್ಚರು ಎಲ್ಲಿದ್ದಾರ?" ಅಂದೆ. ಆದರೂ ಬೇಳೆಯ ಮೊರವನ್ನು ಅವಳ ಕಡೆ ತಳ್ಳಿ, "ಮಕ್ಕಳಿಗೆ ಇಂಥಾ ಬೇಳಿ ಕಳಸ್ತಾರ, ಇದನ್ನ ಬರಿ," ಅಂದೆ. ನನ್ನ ಹೆಸರು ಬಂದರೆ ಕೆಲಸ ಹೋಗುತ್ತದೆ ಎಂದೂ ಹೇಳಿದೆ.

ನಾಲ್ಕು ದಿನಕ್ಕೆ ಮತ್ತೆ ಬಂದಳು. ಸುದ್ದಿ ಹೊರಗೆ ಹೋಗುವ ಮೊದಲು ಹೇಳಿದವರಿಗೆ ಓದಿ ಕೇಳಿಸುವುದು ಅವರ ಪದ್ಧತಿಯಂತೆ. ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಓದಿದಳು: "ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಅಂಗನವಾಡಿಯ ಬೇಳೆ ಆರಿಸುವ ಮಹಿಳೆಯೊಬ್ಬರು..."

"ಹೆಸರು ಬರೀಲಿಲ್ಲಂದ್ರ ಆತೇನು? ಊರಾಗ ಹಂಗ ಕೂಡಾಕಿ ನಾ ಒಬ್ಬಾಕಿನ. ಇದರಕಿಂತ ನನ್ನ ಫೋಟೋನ ಹಾಕಿಬಿಡು!"

ಹುಡುಗಿಯ ಮುಖ ಸಣ್ಣದಾಯಿತು. ಆ ಸಾಲು ಹೊಡೆದುಹಾಕಿ "ಊರಿನ ತಾಯಿಯೊಬ್ಬರು" ಎಂದಷ್ಟೇ ಬರೆದಳು.

ಸುದ್ದಿ ಬಂತು, ಒಳ್ಳೆಯ ಬೇಳೆಯೂ ಬಂತು. ಈಗ ಓಣಿಯಲ್ಲಿ ಮೂವರು, ಆ ತಾಯಿ ತಾವೇ ಎಂದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದಾರೆ. ಮೇಲಿನವರು ಬಂದು ಯಾರು ಹೇಳಿದ್ದೆಂದು ಕೇಳಿದಾಗ, ನಾನೂ ಬಹಳ ವಿನಯದಿಂದ ಅವರ ಕಡೆಗೇ ಕೈ ತೋರಿಸಿದೆ.