ಅಪ್ಪ ಬರೆದುಕೊಟ್ಟ ಅಂಕಿಗಳು

ನನ್ನ ಬಲಗೈ ಮಣಿಕಟ್ಟು ಮುರಿದದ್ದು ಫೆಬ್ರವರಿಯ ಕೊನೆಯ ವಾರದಲ್ಲಿ. ಸಂಭಾಜಿನಗರದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದ ಕಾಲೇಜಿನ ಗೇಟಿನ ಮುಂದೆ ನಾಯಿಯೊಂದು ಅಡ್ಡ ಬಂತು, ಸ್ಕೂಟಿ ಜಾರಿತು, ಅಷ್ಟೇ. ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಪಿಎಚ್‌ಡಿಯ ಮೂರನೆಯ ವರ್ಷ ಅದು. ಒಂದೇ ಕೈಯಲ್ಲಿ ಮಾಡುವಂಥ ಕೆಲಸ ನನ್ನದಾಗಿರಲಿಲ್ಲ.

ತಾಮ್ರ, ಸತು, ನಿಕ್ಕಲ್ಲಿನ ಅಯಾನುಗಳು ಅಮೈನೊ ಆಮ್ಲಗಳಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ ಎಂದು ನಾನು ಅಳೆಯುತ್ತಿದ್ದೆ. ಆಮೇಲೆ ಅವೇ ಲೋಹಗಳನ್ನು ನೀರಿನಿಂದ ಹಿಡಿದುಕೊಳ್ಳುವ ಪಾಲಿಮರ್ ಪುಡಿಯೊಂದನ್ನು ಪರೀಕ್ಷಿಸಬೇಕಿತ್ತು. ಬ್ಯುರೆಟ್ಟೆಂಬ ತಿರುಪಿನ ಗಾಜಿನ ನಳಿಕೆಯಿಂದ ಕ್ಷಾರವನ್ನು ಚೂರುಚೂರೇ ಬಿಡಬೇಕು. ಪ್ರತಿ ಸಲವೂ ಪಿಎಚ್ ಮೀಟರಿನ ಅಂಕಿ ಓಡಾಡಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಬೇಕು. ಲೋಹ ಬಂದು ಅಂಟಿಕೊಂಡಾಗ ಅಮೈನೊ ಆಮ್ಲ ತನ್ನ ಹೈಡ್ರೋಜನ್ನನ್ನು ಬಿಟ್ಟುಕೊಡುತ್ತದೆ, ಅಂಕಿ ತುಸು ಇಳಿಯುತ್ತದೆ. ಆ ತುಸು ಇಳಿತದ ಮೇಲೆಯೇ ನಮ್ಮ ಲೆಕ್ಕವೆಲ್ಲ ನಿಂತಿತ್ತು.

ನಾಶಿಕದಿಂದ ಅಮ್ಮ ಫೋನು ಮಾಡಿ, "ನಾಳೆ ನಿಮ್ಮ ಅಪ್ಪ ಬರ್ತಾರ," ಎಂದಾಗ ನನಗೆ ನಂಬಿಕೆಯಾಗಲಿಲ್ಲ. ಅಪ್ಪನೂ ನಾನೂ ನೆಟ್ಟಗೆ ಮಾತಾಡಿ ವರ್ಷಗಳೇ ಆಗಿದ್ದವು. ವಿಜಯಪುರದಿಂದ ವರ್ಗವಾಗಿ ಬಂದು ನಾಶಿಕದಲ್ಲೇ ಬ್ಯಾಂಕಿನ ನೌಕರಿ ಮುಗಿಸಿದವರು ಅವರು. ನಾನೂ ಬ್ಯಾಂಕಿನ ಪರೀಕ್ಷೆ ಬರೆಯಲಿ ಎಂದಿದ್ದರು. ನಾನು ಒಲ್ಲೆ ಎಂದಿದ್ದೆ. ಅಂದಿನಿಂದ ಬೇಕಾದ ಮಾತೆಲ್ಲ ಅಮ್ಮನ ಮೂಲಕವೇ ಹೋಗಿಬರುತ್ತಿತ್ತು.

ಯೇವಲಾ, ವೈಜಾಪುರದ ದಾರಿಯ ಬಸ್ಸಿನಲ್ಲಿ ಬಂದಿಳಿದ ಅಪ್ಪ ಕೈಚೀಲದಿಂದ ಗೆರೆ ಹಾಕಿದ ಹೊಸ ನೋಟ್‌ಬುಕ್ಕು, ಎರಡು ಪೆನ್ನು ತೆಗೆದು ನನ್ನ ಕೋಣೆಯ ಮೇಜಿನ ಮೇಲಿಟ್ಟರು. "ನಿನಗ ಬರೀಲಿಕ್ಕೆ ಆಗಂಗಿಲ್ಲಲ್ಲ. ನಾ ಬರೀತೀನಿ. ನಿಮ್ಮ ಮ್ಯಾಡಮ್ ಬ್ಯಾಡ ಅಂತಾರೇನು?"

ನನ್ನ ಗೈಡ್ ಮ್ಯಾಡಮ್ ನಕ್ಕು ಒಪ್ಪಿದರು. ನಾನಿದ್ದ ಬಾಡಿಗೆ ಮನೆಯ ಒಡತಿ ಅಪ್ಪನಿಗೆ ಮುಂದಿನ ಕೋಣೆ ಬಿಟ್ಟುಕೊಟ್ಟಳು. ಮರುದಿನದಿಂದ ನಾನು ಎಡಗೈಯಲ್ಲಿ ಬ್ಯುರೆಟ್ಟಿನ ತಿರುಪು ತಿರುಗಿಸಿದೆ. ಅಪ್ಪ ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಮೂರು ಪಾಯಿಂಟ್ ನಾಲ್ಕು ಎರಡು," ಎಂದು ಓದಿ ಬರೆದರು. ಅವರ ಏಳುಗಳಿಗೆಲ್ಲ ನಡುವೆ ಒಂದು ಅಡ್ಡಗೆರೆ. ಮೊದಲ ನಾಲ್ಕು ದಿನ ನಾವಿಬ್ಬರೂ ಅಂಕಿ ಬಿಟ್ಟು ಬೇರೆ ಏನನ್ನೂ ಆಡಲಿಲ್ಲ.

ಐದನೆಯ ದಿನ ಅವರಾಗಿಯೇ ಕೇಳಿದರು. "ಇದು ಹಿಡಕೊಂಡಿದ್ದನ್ನ ಯಾವಾಗರೆ ಬಿಡ್ತದೇನು?"

"ಆಮ್ಲ ಹಾಕಿದ್ರ ಬಿಡ್ತದರಿ. ಅದಕ್ಕ ಆ ಪಾಲಿಮರ್ ಪುಡಿ ತೊಳದು ಮತ್ತ ಉಪಯೋಗಿಸಬಹುದು."

"ಛಲೋ ಆತಲ್ಲ," ಎಂದರು, ಬಹಳ ಹೊತ್ತು ಯೋಚಿಸಿದವರಂತೆ.

ಮಾರ್ಚಿನ ನಡುವೆ ಬಿಸಿಲೇರಿತು. ಒಂದು ದಿನ ಊಟದ ನಂತರ ಅಪ್ಪ ನೋಟ್‌ಬುಕ್ಕಿನ ಮೂರು ಪುಟಗಳನ್ನು ಅಕ್ಕಪಕ್ಕ ಹಿಡಿದು ಕೂತಿದ್ದರು.

"ಇಲ್ಲಿ ನೋಡು. ಒಂದೇ ದ್ರಾವಣ ಮೂರು ಸಲ ಮಾಡ್ತೀ. ಮುಂಜಾನಿಂದು ಎರಡೂ ಹೊಂದತಾವ. ಮಧ್ಯಾಹ್ನದ್ದು ಹೊಂದಂಗಿಲ್ಲ. ನಿನ್ನೇನೂ ಹಿಂಗ, ಮೊನ್ನೇನೂ ಹಿಂಗ."

"ಅಷ್ಟು ಫರಕ ಇರ್ತದ ಅಪ್ಪಾ. ನೀವು ಸುಮ್ಮ ಬರೀರಿ."

ಅವರು ಪುಟ ತಿರುಗಿಸಿ ಬರೆಯತೊಡಗಿದರು. ಸ್ವಲ್ಪ ಹೊತ್ತಿಗೆ ಮತ್ತೆ, "ಆ ನೀರಿನ ಪೆಟ್ಟಿಗಿ ಕೆಂಪು ದೀಪ ಅದಲ್ಲ, ಮಧ್ಯಾಹ್ನ ಒಮ್ಮೆನೂ ಹತ್ತಂಗಿಲ್ಲ ನೋಡು," ಎಂದರು.

ನಾನು ತಿರುಪು ಬಿಟ್ಟು ಪೆಟ್ಟಿಗೆಯತ್ತ ತಿರುಗಿದೆ. ದ್ರಾವಣದ ಬಿಸಿ ಮೂವತ್ತು ಡಿಗ್ರಿಯಲ್ಲೇ ಇರಲೆಂದು ಅದನ್ನು ಆ ಪೆಟ್ಟಿಗೆಯ ನೀರಿನಲ್ಲಿಡುತ್ತಿದ್ದೆವು. ಪೆಟ್ಟಿಗೆಗೆ ನೀರು ಕಾಯಿಸಲು ಬರುತ್ತಿತ್ತು, ತಣಿಸಲು ಬರುತ್ತಿರಲಿಲ್ಲ. ಕಾಯಿಸುವಾಗ ಮಾತ್ರ ದೀಪ ಹತ್ತುತ್ತಿತ್ತು; ಹತ್ತದಿದ್ದರೆ ನೀರು ಮೂವತ್ತಕ್ಕೆ ಬಂದು ನಿಂತಿದೆ ಎಂದೇ ನಾನು ತಿಳಿದಿದ್ದೆ. ಥರ್ಮಾಮೀಟರ್ ತಂದು ಅದ್ದಿದೆ. ಮೂವತ್ತೇಳು. ಮರಾಠವಾಡದ ಬಿಸಿಲಿನಲ್ಲಿ ಕೋಣೆಯೇ ನಲವತ್ತರ ಹತ್ತಿರ ಕುದಿಯುತ್ತಿರುವಾಗ ಅದು ಮೂವತ್ತಕ್ಕೆ ಹೇಗೆ ನಿಂತೀತು? ಬರೀ ಈ ಮಾರ್ಚಿನದಲ್ಲ, ಹಿಂದಿನ ಎರಡು ಬೇಸಿಗೆಗಳ ಮಧ್ಯಾಹ್ನದ ಅಂಕಿಗಳೆಲ್ಲ ತಪ್ಪು.

ಅಪ್ಪ ನನ್ನನ್ನು ಹತ್ತಿರದ ಉಡುಪಿಯವರ ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಹೊಂದದ ಅಂಕಿಗಳನ್ನು ಬಿಟ್ಟುಬಿಟ್ಟರೆ ನಡೆದೀತು ಎಂದೂ ಅಂದೆ.

"ನಡೀತದ," ಎಂದರು ಅಪ್ಪ. "ಖರೇ, ಆಮ್ಯಾಲ ನಿನಗ ಆ ಅಂಕಿ ಪುಸ್ತಕ ತೆಗೀಲಿಕ್ಕೆ ಮನಸ್ಸು ಬರಂಗಿಲ್ಲ. ಹೇಳಿಬಿಡು. ಮತ್ತ ಮಾಡೋಣು. ನಾ ಇಲ್ಲೇ ಇರ್ತೀನಿ."

ಚಹಾ ಆರುತ್ತಿತ್ತು. ಅವರು ಕಪ್ಪಿನ ಕೆಳಗಿನ ಬಸಿಯನ್ನು ಸುಮ್ಮನೆ ತಿರುಗಿಸುತ್ತ, "ನೀ ಏನು ಮಾಡ್ಲಿಕ್ಕತ್ತೀ ಅಂತ ನಾ ಒಮ್ಮೆನೂ ಕೇಳಲಿಲ್ಲ. ಕೇಳದನ ಬ್ಯಾಡ ಅಂದೆ. ಅದು ನನ್ನ ತಪ್ಪು," ಎಂದರು. ನಾನು ಪ್ಲಾಸ್ಟರಿನ ಕೈಯನ್ನು ಅವರ ತೋಳಿನ ಮೇಲಿಟ್ಟೆ.

ಮ್ಯಾಡಮ್‌ಗೆ ಆ ಸಂಜೆಯೇ ಹೇಳಿದೆ. ಅವರು ಹಿಂದಿನ ವರ್ಷಗಳ ನೋಟ್‌ಬುಕ್ಕುಗಳನ್ನೂ ತರಿಸಿ ತಿರುವಿಹಾಕಿದರು. ಕೊನೆಗೆ, "ಪ್ರತಿ ಪುಟಕ್ಕೂ ಸಹಿ ಮಾಡಿದವಳು ನಾನು. ನಾನೂ ನೋಡಬೇಕಿತ್ತು," ಎಂದು ಮರಾಠಿಯಲ್ಲಿ ಹೇಳಿದರು. ಬೈಯುತ್ತಾರೆ ಎಂದುಕೊಂಡಿದ್ದ ನನಗೆ ಆ ಮಾತೇ ಹೆಚ್ಚು ತಟ್ಟಿತು. ಬೆಳಿಗ್ಗೆ ಆರಕ್ಕೇ ಪ್ರಯೋಗಾಲಯ ತೆಗೆಸಲು ಅವರೇ ಪ್ರಿನ್ಸಿಪಾಲರ ಅನುಮತಿ ತಂದುಕೊಟ್ಟರು.

ಮುಂದೆ ಎರಡು ತಿಂಗಳು ಅಪ್ಪನೂ ನಾನೂ ಬೆಳಿಗ್ಗೆ ಆರರಿಂದ ಹತ್ತರವರೆಗೆ ಕೆಲಸ ಮಾಡಿದೆವು. ಆ ಹೊತ್ತಿಗೂ ನೀರು ಬಿಸಿಯಾದರೆ ಅಪ್ಪ ಐಸ್ ಚೂರು ಹಾಕಿ, ಥರ್ಮಾಮೀಟರ್ ನೋಡಿ, "ಹಂ, ಮೂವತ್ತು. ಬಿಡು ಈಗ," ಎನ್ನುತ್ತಿದ್ದರು. ಏಪ್ರಿಲ್‌ನಲ್ಲಿ ನನ್ನ ಪ್ಲಾಸ್ಟರ್ ತೆಗೆದರು. ಅಪ್ಪ ಊರಿಗೆ ಹೋಗುವ ಮಾತೆತ್ತಲಿಲ್ಲ. ಇನ್ನು ಪ್ರಯೋಗಾಲಯಕ್ಕೆ ಬರಬೇಡಿ ಎಂದು ನಾನೂ ಹೇಳಲಿಲ್ಲ. ಹಗಲ ಬಿಸಿಲಿನ ಹೊತ್ತು ಅವರು ಮುಂದಿನ ಕೋಣೆಯಲ್ಲಿ ಮಲಗಿ ವಿಜಯಪುರದ ತಮ್ಮ ಕಾಲೇಜಿನ ದಿನಗಳನ್ನು ಹೇಳುತ್ತಿದ್ದರು. ಬಿಎಸ್ಸಿಗೆ ಸೇರಿ, ತಮ್ಮಂದಿರ ಓದಿಗಾಗಿ ಅರ್ಧಕ್ಕೇ ಬಿಟ್ಟು ನೌಕರಿ ಹಿಡಿದ ಸಂಗತಿ ನನಗೆ ಗೊತ್ತಾದದ್ದು ಆಗಲೇ.

ಕೊನೆಯ ದಿನ ತಾಮ್ರದ ದ್ರಾವಣವೊಂದೇ ಬಾಕಿಯಿತ್ತು. ಅಪ್ಪ ಪೆನ್ನು ಕೆಳಗಿಟ್ಟು, ತುಸು ನಾಚಿಕೊಂಡು, "ಒಂದು ಸಲ ನಾ ಬಿಡಲೇನು?" ಎಂದು ಕೇಳಿದರು. ನಾನು ಜಾಗ ಬಿಟ್ಟುಕೊಟ್ಟೆ. ಅವರ ಕೈಯಲ್ಲಿ ತಿರುಪು ಹದವಾಗಿಯೇ ತಿರುಗಿತು. ಬಣ್ಣ ತಿಳಿನೀಲಿಯಿಂದ ಗಾಢ ನೀಲಿಗೆ ಹೋಗುವುದನ್ನು ಅವರು ಬಾಯಿ ತೆರೆದು ನೋಡುತ್ತಿದ್ದರು. ನಾನು ಅಂಕಿ ಓದಿ, ಇನ್ನೂ ಬಿಗಿಯಾಗಿಯೇ ಇದ್ದ ಬಲಗೈಯಿಂದ ಸೊಟ್ಟಸೊಟ್ಟಗೆ ಬರೆದುಕೊಂಡೆ.

ಪ್ರಬಂಧ ಮುಗಿಯಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ಈಗ ನಾನು ನಾಶಿಕದಲ್ಲೇ ಪಾಠ ಮಾಡುತ್ತೇನೆ. ಸಂಜೆ ಮನೆಗೆ ಬಂದರೆ ಅಪ್ಪ ಪತ್ರಿಕೆ ಮಡಚಿಟ್ಟು, "ಇವತ್ತು ಏನು ಮಾಡಿಸಿದಿ?" ಎಂದು ಕೇಳುತ್ತಾರೆ. ನಾನು ಚೀಲ ಇಳಿಸಿ, ಅವರ ಪಕ್ಕ ಕೂತು, ಮೊದಲಿನಿಂದ ಹೇಳುತ್ತೇನೆ.